ಮನೆಯಲ್ಲೇ ಮಾಡಿದ ರೆವ್ ಲಿಮಿಟರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಬೈಕ್ ಎಂಜಿನ್‌ಗೆ ಸ್ವಂತ ರೆವ್ ಲಿಮಿಟರ್ (ಎಂಜಿನ್ ಸುತ್ತುವ ವೇಗ ಒಂದು ಮಿತಿ ದಾಟದಂತೆ ತಡೆಯುವ ಡಬ್ಬಿ) ಕೂರಿಸುವುದು ನೋಡೋಕೆ ಸುಲಭದ ಕೆಲಸ. ಎಂಜಿನ್ ಸುತ್ತಿದಂತೆ ಪಲ್ಸ್ ಕೊಡುವ ಪಲ್ಸರ್ ಕಾಯಿಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುವುದು, ಪ್ರೋಗ್ರಾಮ್ ಬರೆದು ಹಾಕುವ ಚಿಕ್ಕ ಆರ್ಡುವಿನೋ ಬೋರ್ಡ್‌ನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಲೆಕ್ಕ ಹಾಕುವುದು, ಮಿತಿ ದಾಟಿದರೆ ಸಿಡಿಐನ (ಪ್ಲಗ್‌ಗೆ ಕಿಡಿ ಕೊಡುವ ಯೂನಿಟ್) ಕಿಲ್ ವೈರ್ ಅನ್ನು ಅರ್ಥ್‌ಗೆ ಮುಟ್ಟಿಸುವುದು. ಕಿಡಿ ನಿಂತಿತು, ಎಂಜಿನ್ ಇಳಿಯಿತು. ಕಾಗದದ ಮೇಲೆ ಇಷ್ಟೇ. ಬೈಕಿಗೆ ಕೂರಿಸಿದ ದಿನದಿಂದ ತಕರಾರು ಶುರು. ಒಂದು ದಿನ ಸ್ಟಾರ್ಟೇ ಆಗಲ್ಲ, ಇನ್ನೊಂದು ದಿನ ಅರ್ಧ ಆರ್‌ಪಿಎಂಗೇ ಬಾಯಿ ಮುಚ್ಚುತ್ತದೆ, ಮತ್ತೊಂದು ದಿನ ಮಿತಿ ದಾಟಿ ಕಿರುಚಿದರೂ ಲಿಮಿಟರ್ ಸುಮ್ನೆ ನೋಡುತ್ತಾ ಕೂತಿರುತ್ತದೆ.

ಇಂಥ ಡಬ್ಬಿಗಳ ಜೊತೆ ಗುದ್ದಾಡಿ ನನಗೆ ಗೊತ್ತಾದದ್ದು ಒಂದೇ. ಕಿಡಿ ಕತ್ತರಿಸುವ ಭಾಗ ಕೆಡುವುದು ಕಡಿಮೆ. ತಪ್ಪುವುದು ಎಣಿಕೆ. ಎಂಜಿನ್ ಎಷ್ಟು ಸುತ್ತುತ್ತಿದೆ ಅಂತ ಡಬ್ಬಿ ಅಂದುಕೊಂಡಿದೆಯೋ ಅದೇ ತಪ್ಪಾಗಿರುತ್ತದೆ. ನಾವು ಮಾತ್ರ ಟ್ರಾನ್ಸಿಸ್ಟರ್ ಬದಲಿಸುತ್ತೇವೆ, ಕಾರ್ಬ್ಯುರೇಟರ್ ಬಿಚ್ಚುತ್ತೇವೆ, ಪ್ಲಗ್ ಉಜ್ಜುತ್ತೇವೆ. ಹಾಗಾಗಿ ಇಲ್ಲಿ ಹುಡುಕಾಟವೆಲ್ಲ ಎಣಿಕೆಯಿಂದಲೇ ಹೊರಡುತ್ತದೆ.

ಲೆಕ್ಕಕ್ಕೆ ಇಟ್ಟುಕೊಂಡಿರುವುದು ಒಂದು ಸಿಲಿಂಡರ್‌ನ, ಕಾರ್ಬ್ಯುರೇಟರ್ ಇರುವ, ಸಿಡಿಐ ಎಂಜಿನ್. ಪಲ್ಸರ್ ಕಾಯಿಲ್ ಕ್ರ್ಯಾಂಕಿನ ಒಂದು ಸುತ್ತಿಗೆ ಒಂದು ಪಲ್ಸ್ ಕೊಡುತ್ತದೆ. ಫೋರ್ ಸ್ಟ್ರೋಕ್ ಆದರೂ ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಎಗ್ಸಾಸ್ಟ್ ಸ್ಟ್ರೋಕ್‌ನಲ್ಲಿ ಹಾರುವ ಕಿಡಿ ದಂಡ, ಅದರಿಂದ ನಷ್ಟವಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಬೈಕ್ ಆಗಿದ್ದರೆ ಇಸಿಯುನಲ್ಲೇ (ಎಂಜಿನ್ ನಡೆಸುವ ಕಂಪ್ಯೂಟರ್) ಲಿಮಿಟರ್ ಇರುತ್ತದೆ. ಅದರ ಕ್ರ್ಯಾಂಕ್ ಸೆನ್ಸರ್ ವೈರಿಗೆ ಕೈ ಹಾಕಬೇಡಿ.

ಮೊದಲು ಒಂದು ಎಲ್‌ಇಡಿ

ಏನನ್ನೂ ಬಿಚ್ಚುವ ಮುಂಚೆ, ಕಟ್ ಸಿಗ್ನಲ್ ಹೊರಡುವ ಪಿನ್‌ಗೆ ಒಂದು ಎಲ್‌ಇಡಿ ಹಾಕಿ. ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್. ಅದು ಹ್ಯಾಂಡಲ್ ಹತ್ತಿರ, ಓಡಿಸುವಾಗ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಲಿಮಿಟರ್ ಕಿಡಿ ಕತ್ತರಿಸಿದಾಗೆಲ್ಲ ಅದು ಹೊತ್ತಿಕೊಳ್ಳಬೇಕು. ಒಂದು ಕಟ್ ಬರೀ ಆರೇಳು ಮಿಲಿಸೆಕೆಂಡ್ ಇರುತ್ತದೆ, ಕಣ್ಣಿಗೆ ಸುಲಭವಾಗಿ ಕಾಣಲ್ಲ. ಅದಕ್ಕೇ ಎಲ್‌ಇಡಿಗೆ ಬೇರೆ ಪಿನ್ ಕೊಟ್ಟು, ಒಮ್ಮೆ ಹೊತ್ತಿದರೆ ಅರ್ಧ ಸೆಕೆಂಡ್ ಹಾಗೇ ಉರಿಯುವಂತೆ ಪ್ರೋಗ್ರಾಮ್‌ನಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಈ ಒಂದು ದೀಪ ಅರ್ಧ ಕೆಲಸ ಮುಗಿಸುತ್ತದೆ. ಎಂಜಿನ್ ಮಿಸ್ಸಿಂಗ್ ಹೊಡೆದಾಗ ದೀಪ ಹೊತ್ತಿತಾ? ಹಾಗಾದರೆ ಎಣಿಕೆ ತಪ್ಪಿದೆ, ಕಾರ್ಬ್ಯುರೇಟರ್ ಮುಟ್ಟಬೇಡಿ. ದೀಪ ಹೊತ್ತದೇ ಮಿಸ್ಸಿಂಗ್ ಬಂತಾ? ಆಗ ಡಬ್ಬಿಯ ಲೆಕ್ಕ ಸರಿ ಇದೆ. ಒಂದೋ ಕಟ್ ಮಾಡುವ ಭಾಗ ತಾನಾಗೇ ಲೀಕ್ ಆಗುತ್ತಿದೆ, ಇಲ್ಲವೇ ತೊಂದರೆ ಎಂಜಿನ್‌ನದ್ದೇ. ಕಿಲ್ ವೈರಿನ ಬುಲೆಟ್ ಕನೆಕ್ಟರ್ ಕಿತ್ತು ನೋಡಿದರೆ ಈ ಎರಡರಲ್ಲಿ ಯಾವುದು ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಿತ್ತ ಮೇಲೂ ಮಿಸ್ಸಿಂಗ್ ಇದ್ದರೆ ಲಿಮಿಟರ್ ಪಾಪ ನಿರಪರಾಧಿ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಬಂದರೆ ಫ್ಲೋಟ್ ಚೇಂಬರ್‌ಗೆ ಪೆಟ್ರೋಲ್ ಸಾಲುತ್ತಿದೆಯಾ, ಪ್ಲಗ್ ಕ್ಯಾಪ್ ಒಡೆದಿದೆಯಾ, ವಾಲ್ವ್ ಸ್ಪ್ರಿಂಗ್ ಸೊರಗಿದೆಯಾ ನೋಡಿ.

ಕೈ ಹಾಕುವ ಮುಂಚೆ ಎರಡು ಮಾತು. ಎಸಿ ಸಿಡಿಐ ಇದ್ದರೆ ಕಿಲ್ ವೈರ್ ಅಂದರೆ ಎಕ್ಸೈಟರ್ ಕಾಯಿಲ್‌ನ (ಸಿಡಿಐಗೆ ಕರೆಂಟ್ ಕೊಡುವ ಸುರುಳಿ) ಹೊರದಾರಿ. ಎಂಜಿನ್ ಓಡುವಾಗ ಅಲ್ಲಿ ನೂರಾರು ವೋಲ್ಟ್ ಇರುತ್ತದೆ, 12 ವೋಲ್ಟ್ ಅಲ್ಲ. ಬರಿಗೈಯಲ್ಲಿ ಮುಟ್ಟಿದರೆ ಜನ್ಮದಲ್ಲಿ ಮರೆಯಲ್ಲ. ಎರಡನೆಯದು, ಪರೀಕ್ಷೆ ಮಾಡುವಾಗ ಮಿತಿಯನ್ನು 3000ಕ್ಕೆ ಇಳಿಸಿ. ಲಿಮಿಟರ್ ಕೆಲಸ ಮಾಡುತ್ತದಾ ಅಂತ ನೋಡೋಕೆ ಎಂಜಿನ್ ಅನ್ನು ಕೆಂಪು ಗೆರೆವರೆಗೆ ಹಿಂಡುವುದು ಯಾಕೆ? 3000ದಲ್ಲಿ ಕೆಲಸ ಮಾಡದ ಡಬ್ಬಿ 9000ದಲ್ಲೂ ಮಾಡಲ್ಲ. ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲೆ, ನ್ಯೂಟ್ರಲ್‌ನಲ್ಲಿ, ಗಾಳಿಯಾಡುವ ಕಡೆ ಇರಲಿ. ಮುಚ್ಚಿದ ಶೆಡ್‌ನಲ್ಲಿ ಬೇಡ.

ಸ್ಟಾರ್ಟೇ ಆಗುತ್ತಿಲ್ಲ

ಡಬ್ಬಿಯ ಕಿಲ್ ವೈರ್ ಕಿತ್ತು ಕಿಕ್ ಹೊಡೆಯಿರಿ. ಸ್ಟಾರ್ಟ್ ಆಯಿತು ಅಂದರೆ, ಡಬ್ಬಿ ಶುರುವಿನಿಂದಲೇ ಕಿಲ್ ವೈರನ್ನು ಅರ್ಥ್‌ಗೆ ಹಿಡಿದು ಕೂತಿದೆ ಎಂದರ್ಥ.

ಬಹಳ ಸಲ ಕಾರಣ ಬೂಟ್ ಆಗುವ ಸಮಯ. ಆರ್ಡುವಿನೋಗೆ ಕರೆಂಟ್ ಬಂದ ತಕ್ಷಣ ಅದರ ಪಿನ್‌ಗಳು ಯಾವ ಕಡೆಗೂ ಸೇರದೆ ತೇಲುತ್ತಿರುತ್ತವೆ. ಬೂಟ್‌ಲೋಡರ್ ಒಂದೆರಡು ಸೆಕೆಂಡ್ ತಿಂದ ಮೇಲೆ ನಿಮ್ಮ ಪ್ರೋಗ್ರಾಮ್ ಎದ್ದೇಳುತ್ತದೆ. ಅಷ್ಟರೊಳಗೆ, ಕಿಲ್ ವೈರನ್ನು ಅರ್ಥ್‌ಗೆ ಸೇರಿಸುವ ಸ್ವಿಚ್ ಆದ ಥೈರಿಸ್ಟರ್‌ನ ಗೇಟ್‌ಗೆ ಚೂರುಪಾರು ವೋಲ್ಟೇಜ್ ಸೋರಿದರೂ ಅದು ಆನ್ ಆಗಬಹುದು. ಬ್ಯಾಟರಿ ಇಲ್ಲದೆ ಕಿಕ್‌ನಿಂದಲೇ ಕರೆಂಟ್ ಹುಟ್ಟುವ ಬೈಕ್‌ಗಳಲ್ಲಿ ಇದು ಪ್ರತಿ ಕಿಕ್‌ಗೂ ನಡೆಯುತ್ತದೆ. ಗೇಟ್‌ನಿಂದ ಅರ್ಥ್‌ಗೆ ಒಂದು ರೆಸಿಸ್ಟರ್ ಹಾಕಿ, ಅದು ಪಿನ್ ಅನ್ನು ಕೆಳಗೆ ಎಳೆದು ಹಿಡಿಯುತ್ತದೆ. ಸ್ವಿಚ್ ಆಗಿ ಮಾಸ್‌ಫೆಟ್ ಇದ್ದರೆ 10 ಕಿಲೋ ಓಮ್, ಥೈರಿಸ್ಟರ್ ಇದ್ದರೆ 1 ಕಿಲೋ ಓಮ್ ನಡೆಯುತ್ತದೆ. ಡಬ್ಬಿ ಸತ್ತರೂ ಎಂಜಿನ್ ಓಡಬೇಕು. ಉಲ್ಟಾ ಡಿಸೈನ್ ಮಾಡಿ, ಡಬ್ಬಿ ಬದುಕಿದ್ದರೆ ಮಾತ್ರ ಕಿಡಿ ಬರುವಂತೆ ಮಾಡಿದವರು ಒಂದಲ್ಲ ಒಂದು ದಿನ ಬೈಕ್ ತಳ್ಳಿಕೊಂಡು ಬರುತ್ತಾರೆ.

ಸೆಲ್ಫ್ ಒತ್ತಿದಾಗ ಮಾತ್ರ ತೊಂದರೆ, ಕಿಕ್ ಹೊಡೆದರೆ ಸರಿ ಅಂತಿದ್ದರೆ ವೋಲ್ಟೇಜ್ ನೋಡಿ. 7805 ರೆಗ್ಯುಲೇಟರ್‌ಗೆ 5 ವೋಲ್ಟ್ ಕೊಡೋಕೆ ಒಳಗೆ ಸುಮಾರು 7 ವೋಲ್ಟ್ ಬೇಕು. ಹಳೆ ಬ್ಯಾಟರಿ ಸೆಲ್ಫ್ ಮೋಟರ್ ತಿರುಗಿಸುವಾಗ ಅದಕ್ಕಿಂತ ಕೆಳಗೆ ಕುಸಿಯುವುದುಂಟು. ಬೋರ್ಡ್ ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ರೀಸೆಟ್. ರೆಗ್ಯುಲೇಟರ್‌ಗೆ ಬರುವ ಲೈನ್‌ನಲ್ಲಿ ಒಂದು ಡಯೋಡ್, ಡಯೋಡ್‌ಗೂ ರೆಗ್ಯುಲೇಟರ್‌ಗೂ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಆ ಕುಸಿತದ ಕ್ಷಣವನ್ನು ದಾಟಿಸುತ್ತದೆ.

ಇನ್ನೊಂದು ಕಾರಣ ಸುಟ್ಟ ಟ್ರಾನ್ಸಿಸ್ಟರ್. ಡ್ರಾಯರ್‌ನಲ್ಲಿ ಸಿಕ್ಕಿತು ಅಂತ ಬಿಸಿ547 ಹಾಕಿರುತ್ತಾರೆ. ಅದು ತಡೆಯುವುದು 45 ವೋಲ್ಟ್. ಎಸಿ ಸಿಡಿಐನ ಕಿಲ್ ವೈರಿಗೆ ಸಿಕ್ಕಿಸಿದರೆ ಮೊದಲನೇ ಕಿಕ್‌ಗೇ ಶಾರ್ಟ್ ಆಗಿ ಕೂರುತ್ತದೆ. ಮಲ್ಟಿಮೀಟರ್‌ನ ಕಂಟಿನ್ಯೂಟಿಯಲ್ಲಿ ಇಟ್ಟರೆ ಪೀಂ ಅಂತ ಕೂಗುತ್ತದೆ. ಇಲ್ಲಿಗೆ 600 ವೋಲ್ಟ್ ತಡೆಯುವ ಭಾಗವೇ ಬೇಕು.

ಕಿಲ್ ವೈರ್ ಕಿತ್ತರೂ ಸ್ಟಾರ್ಟ್ ಆಗದೇ, ಪಲ್ಸರ್ ವೈರನ್ನೂ ಡಬ್ಬಿಯಿಂದ ಕಿತ್ತಾಗ ಮಾತ್ರ ಆದರೆ? ಡಬ್ಬಿ ಸಿಡಿಐ ಪಾಲಿನ ಸಿಗ್ನಲ್ ಕುಡಿಯುತ್ತಿದೆ. ಕಿಕ್ ಹೊಡೆಯುವ ವೇಗದಲ್ಲಿ ಪಲ್ಸರ್ ಕಾಯಿಲ್ ಹುಟ್ಟಿಸುವ ವೋಲ್ಟೇಜೇ ಕಮ್ಮಿ, ವೇಗ ಏರಿದಂತೆ ಅದೂ ಏರುತ್ತದೆ. ನಿಮ್ಮ ಇನ್‌ಪುಟ್‌ನಲ್ಲಿ ಬರೀ ಕೆಲವು ನೂರು ಓಮ್ ಇದ್ದರೆ ಆ ಚೂರು ವೋಲ್ಟೇಜ್ ಅಲ್ಲೇ ಮುಗಿದುಹೋಗುತ್ತದೆ. ಡಬ್ಬಿಯ ಬಾಗಿಲಲ್ಲೇ ಸಾಲಾಗಿ 10 ಕಿಲೋ ಓಮ್ ಇರಲಿ.

ಇಟ್ಟ ಮಿತಿಗಿಂತ ಮುಂಚೆಯೇ ಕಟ್ ಆಗುತ್ತದೆ

ಇದು ಎಣಿಕೆ ತಪ್ಪುವುದರಲ್ಲಿ ದೊಡ್ಡಣ್ಣ. ಎಷ್ಟಕ್ಕೆ ಕಟ್ ಆಯಿತು ಅಂತ ಟ್ಯಾಕೋದಲ್ಲಿ (ಬೈಕಿನ ಆರ್‌ಪಿಎಂ ಮೀಟರ್) ನೋಡಿ ಬರೆದಿಟ್ಟುಕೊಳ್ಳಿ. ಇಟ್ಟದ್ದು 9000, ಕಟ್ ಆದದ್ದು 4500 ಅಂದರೆ ಒಂದು ಸುತ್ತನ್ನು ಎರಡು ಅಂತ ಎಣಿಸುತ್ತಿದೆ.

ಯಾಕೆ ಅಂತ ಗೊತ್ತಾಗಲು ಮ್ಯಾಗ್ನೆಟ್ ಕವರ್ ಬಿಚ್ಚಿ ಒಮ್ಮೆ ಕಣ್ಣಾರೆ ನೋಡಬೇಕು. ರೋಟರ್‌ನ ಹೊರಮೈ ಮೇಲೆ ಒಂದು ಉಬ್ಬು ಪಟ್ಟಿ ಇರುತ್ತದೆ. ಎದುರಿಗೆ, ಕೂದಲೆಳೆ ಅಂತರದಲ್ಲಿ ಪಲ್ಸರ್ ಕಾಯಿಲ್. ಕೈಯಲ್ಲಿ ನಿಧಾನಕ್ಕೆ ರೋಟರ್ ತಿರುಗಿಸಿ. ಪಟ್ಟಿಯ ಮುಂದಿನ ಅಂಚು ಕಾಯಿಲ್ ಮುಂದೆ ಬಂದಾಗ ಒಂದು ಪಲ್ಸ್ ಹುಟ್ಟುತ್ತದೆ. ಪಟ್ಟಿಯ ಬೆನ್ನು ಜಾರುವಾಗ ಏನೂ ಇಲ್ಲ. ಹಿಂದಿನ ಅಂಚು ದಾಟುವಾಗ ಇನ್ನೊಂದು ಪಲ್ಸ್, ಆದರೆ ಉಲ್ಟಾ ದಿಕ್ಕಿನದು. ಒಂದು ಪ್ಲಸ್, ಒಂದು ಮೈನಸ್. ಸಿಡಿಐಗೆ ಇದು ಗೊತ್ತು, ಅದು ಎರಡನ್ನೂ ಬೇರೆ ಮಾಡಿ ನೋಡುತ್ತದೆ. ನಿಮ್ಮ ಡಬ್ಬಿ ಒಂದು ದಿಕ್ಕಿನದನ್ನು ಮಾತ್ರ ಎಣಿಸಬೇಕು. ಇನ್‌ಪುಟ್‌ನಲ್ಲಿ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದ್ದರೆ ಎರಡೂ ಪ್ಲಸ್ ಆಗಿಬಿಡುತ್ತವೆ. ಪ್ರೋಗ್ರಾಮ್‌ನಲ್ಲಿ ಇಂಟರಪ್ಟ್ ಅನ್ನು (ಸಿಗ್ನಲ್ ಬದಲಾದ ಕ್ಷಣ ಎಣಿಸುವ ವ್ಯವಸ್ಥೆ) ಸಿಗ್ನಲ್ ಏರುವ ಅಂಚಿಗೆ ಬದಲು ಎರಡೂ ಅಂಚಿಗೆ ಕಟ್ಟಿದ್ದರೂ ಅದೇ ಗತಿ.

ಇಲ್ಲೊಂದು ಮೋಸ ಇದೆ. ಸರಿಯಾಗಿ ಅರ್ಧಕ್ಕೆ ಕಟ್ ಆಗುವುದು, ಒಂದಷ್ಟು ಹೊತ್ತಿನಲ್ಲಿ ಎಷ್ಟು ಪಲ್ಸ್ ಬಂತು ಅಂತ ಎಣಿಸುವ ಪ್ರೋಗ್ರಾಮ್ ಇದ್ದರೆ ಮಾತ್ರ. ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆಯುವ ಪ್ರೋಗ್ರಾಮ್ ಇದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಪಟ್ಟಿ 40 ಡಿಗ್ರಿ ಉದ್ದ ಅಂದುಕೊಳ್ಳಿ. 1200 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 50 ಮಿಲಿಸೆಕೆಂಡ್, 40 ಡಿಗ್ರಿ ದಾಟೋಕೆ ಸುಮಾರು 5.6 ಮಿಲಿಸೆಕೆಂಡ್. ಡಬ್ಬಿ ಅದನ್ನೇ ಒಂದು ಸುತ್ತು ಅಂದುಕೊಂಡರೆ 10,800 ಆರ್‌ಪಿಎಂ! ಐಡಲ್‌ನಲ್ಲೇ ಕಿಡಿ ಕಟ್. ಜನ ಇದನ್ನು ಸ್ಟಾರ್ಟಿಂಗ್ ಟ್ರಬಲ್ ಅಂದುಕೊಂಡು ಪ್ಲಗ್ ಬದಲಿಸುತ್ತಾರೆ.

ಉಲ್ಟಾ ತಕರಾರೂ ಇದೆ. ಕ್ಯಾಮ್ ಕಡೆಯಿಂದ ಸಿಗ್ನಲ್ ತೆಗೆದುಕೊಂಡಿದ್ದರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೇ ಪಲ್ಸ್. ಲಿಮಿಟರ್‌ಗೆ ಎಂಜಿನ್ ಯಾವಾಗಲೂ ಅರ್ಧ ವೇಗದಲ್ಲಿ ಕಾಣುತ್ತದೆ, ಕಟ್ ಆಗುವುದೇ ಇಲ್ಲ. ಇದು ಪ್ರೋಗ್ರಾಮ್‌ನಲ್ಲಿ ಎರಡರಿಂದ ಗುಣಿಸಿದರೆ ಮುಗಿಯಿತು.

ಬೈಕ್ ಇಲ್ಲದೆ ಎಣಿಕೆ ಪರೀಕ್ಷೆ

ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಗೋಡೆಯ ಕರೆಂಟ್ 50 ಹರ್ಟ್ಜ್ ಇರುವ ಕಡೆ, ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್‌ನ 6 ವೋಲ್ಟ್ ಎಸಿ ಔಟ್‌ಪುಟ್ ಅನ್ನು ಡಬ್ಬಿಯ ಪಲ್ಸರ್ ಇನ್‌ಪುಟ್‌ಗೆ ಕೊಡಿ. ಸೆಕೆಂಡಿಗೆ 50, ನಿಮಿಷಕ್ಕೆ 3000. ಡಬ್ಬಿ 3000 ಆರ್‌ಪಿಎಂ ಅಂತ ತೋರಿಸಬೇಕು. ಕರೆಂಟ್ 60 ಹರ್ಟ್ಜ್ ಇರುವ ಕಡೆ 3600. ಹೆಚ್ಚೆಂದರೆ ಹತ್ತಿಪ್ಪತ್ತು ಆಚೆ ಈಚೆ. 6000 ತೋರಿಸಿತಾ? ಎರಡು ಸಲ ಎಣಿಸುತ್ತಿದೆ, ಬೈಕ್ ಮುಟ್ಟುವ ಅಗತ್ಯವೇ ಇಲ್ಲ. ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಇನ್ಸುಲೇಷನ್ ಗಟ್ಟಿ ಇರುವ ಸಿದ್ಧ ಅಡಾಪ್ಟರ್ ಆದರೆ ಒಳ್ಳೆಯದು. ಆದರೆ ಮೊಬೈಲ್ ಚಾರ್ಜರ್ ಆಗಲ್ಲ, ಅದರಿಂದ ಬರುವುದು ಡಿಸಿ.

ಬೇರೆ ಬೇರೆ ವೇಗ ಬೇಕಿದ್ದರೆ ಇನ್ನೊಂದು ಆರ್ಡುವಿನೋದಿಂದ ಟೋನ್ ಹೊರಡಿಸಿ. ಹರ್ಟ್ಜ್ ಅನ್ನು 60ರಿಂದ ಗುಣಿಸಿದರೆ ಆರ್‌ಪಿಎಂ. 150 ಹರ್ಟ್ಜ್ ಅಂದರೆ 9000. ಆ ಟೋನ್ 31 ಹರ್ಟ್ಜ್‌ಗಿಂತ ಕೆಳಗೆ ಇಳಿಯಲ್ಲ, ಅಂದರೆ 1860 ಆರ್‌ಪಿಎಂ. ಐಡಲ್ ಪರೀಕ್ಷಿಸಲು ಪಿನ್ ಅನ್ನು ನೀವೇ ಡಿಲೇ ಕೊಟ್ಟು ಆನ್ ಆಫ್ ಮಾಡಬೇಕು. ಇದನ್ನು ಬಿಡಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಐಡಲ್‌ನಲ್ಲಿ ಪುಸಕ್ಕನೆ ಸಾಯುತ್ತದೆ

ನನ್ನ ಮೊದಲ ಲಿಮಿಟರ್‌ಗೆ ಈ ರೋಗ ಇತ್ತು. ಎಂಜಿನ್ ಚೆನ್ನಾಗಿ ಓಡುತ್ತಿತ್ತು, 9500ಕ್ಕೆ ಸರಿಯಾಗಿ ಕಟ್ ಆಗುತ್ತಿತ್ತು. ಆದರೆ ಆಕ್ಸಿಲರೇಟರ್ ಬಿಟ್ಟು ನಿಂತಾಗ, ಐಡಲ್‌ಗೆ ಇಳಿಯುವ ಹೊತ್ತಲ್ಲಿ ಪುಸಕ್ ಅಂತ ಆಫ್. ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಂತ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದೆ. ಐಡಲ್ ಸ್ಕ್ರೂ ತಿರುಗಿಸಿ 1200ಕ್ಕೆ ಏರಿಸಿದೆ. ಸರಿಹೋಯಿತು! ಕಾರ್ಬ್ಯುರೇಟರ್‌ದೇ ತಪ್ಪು ಅಂತ ಒಂದು ವಾರ ನಂಬಿಕೊಂಡಿದ್ದೆ. ಒಂದು ಚಳಿಯ ಬೆಳಿಗ್ಗೆ ಮತ್ತೆ ಪುಸಕ್. ಆಗಲೇ ಎಲ್‌ಇಡಿ ಹಾಕಿದ್ದು. ಸಾಯುವ ಕ್ಷಣದಲ್ಲಿ ಅದು ಮಿಣುಕ್ ಅಂತು.

ತಪ್ಪು ಪ್ರೋಗ್ರಾಮ್‌ನ ಒಂದೇ ಪದದಲ್ಲಿತ್ತು. ಪಲ್ಸ್‌ಗಳ ನಡುವಿನ ಮೈಕ್ರೋಸೆಕೆಂಡ್‌ಗಳನ್ನು 16 ಬಿಟ್ ಸಂಖ್ಯೆಯಲ್ಲಿ ಇಟ್ಟಿದ್ದೆ. ಅದರಲ್ಲಿ 65,535ರವರೆಗೆ ಮಾತ್ರ ಹಿಡಿಯುತ್ತದೆ, ಆಮೇಲೆ ಮತ್ತೆ ಸೊನ್ನೆಯಿಂದ ಶುರು. 65,535 ಮೈಕ್ರೋಸೆಕೆಂಡ್ ಅಂದರೆ ಸುಮಾರು 915 ಆರ್‌ಪಿಎಂ. ಎಂಜಿನ್ ಅದಕ್ಕಿಂತ ಕೆಳಗಿಳಿದರೆ ಲೆಕ್ಕ ತಲೆಕೆಳಗು. ಉದಾಹರಣೆಗೆ 857 ಆರ್‌ಪಿಎಂನಲ್ಲಿ ಒಂದು ಸುತ್ತು 70,000 ಮೈಕ್ರೋಸೆಕೆಂಡ್. ಸಂಖ್ಯೆ ಸುತ್ತು ಹೊಡೆದು 4,464 ಆಗುತ್ತದೆ. ಡಬ್ಬಿಯ ಕಣ್ಣಿಗೆ ಅದು 13,400 ದಾಟಿದ ಆರ್‌ಪಿಎಂ. ಕಿಡಿ ಕಟ್.

ಮಜಾ ಏನೆಂದರೆ 750 ಆರ್‌ಪಿಎಂನಲ್ಲಿ ಏನೂ ಆಗಲ್ಲ. ಅಲ್ಲಿ ಸುತ್ತು ಹೊಡೆದ ಸಂಖ್ಯೆ ದೊಡ್ಡದಾಗಿಯೇ ಬರುತ್ತದೆ, ಡಬ್ಬಿಗೆ ನಾಲ್ಕು ಸಾವಿರದ ಚಿಲ್ಲರೆ ಕಾಣುತ್ತದೆ. 9500ರ ಮಿತಿಗೆ ಅಪಾಯ ಇದ್ದದ್ದು ಸರಿಸುಮಾರು 835ರಿಂದ 915ರ ಮಧ್ಯೆ ಮಾತ್ರ. ಅದೇ ಲೆಕ್ಕದಲ್ಲಿ ಇನ್ನೊಂದು ಗುಂಡಿ 437ರಿಂದ 458ರ ಹತ್ತಿರ ಇದೆ, ಅದು ಕಿಕ್ ಹೊಡೆಯುವಾಗ ಸಿಗುವ ವೇಗ. ಅದಕ್ಕೇ ಕೆಲವು ದಿನ ಒಂದೇ ಕಿಕ್‌ಗೆ, ಕೆಲವು ದಿನ ಹತ್ತು ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು. ಸಂಖ್ಯೆಯನ್ನು 32 ಬಿಟ್‌ಗೆ ಬದಲಿಸಿದೆ, ಐಡಲ್ ಸ್ಕ್ರೂ ಮೊದಲಿದ್ದ ಜಾಗಕ್ಕೆ ವಾಪಸ್ ಬಂತು. ತೊಳೆದ ಕಾರ್ಬ್ಯುರೇಟರ್ ಮಾತ್ರ ಹೊಳೆಯುತ್ತಿತ್ತು.

ಇದರ ತಮ್ಮನಂಥ ತಪ್ಪು ಒಂದಿದೆ: ಮೈಕ್ರೋಸೆಕೆಂಡ್ ಬಿಟ್ಟು ಮಿಲಿಸೆಕೆಂಡ್‌ನಲ್ಲಿ ಅಳೆಯುವುದು. 6 ಮಿಲಿಸೆಕೆಂಡ್ ಅಂದರೆ 10,000 ಆರ್‌ಪಿಎಂ, 7 ಅಂದರೆ 8571. ಮಧ್ಯೆ ಏನೂ ಇಲ್ಲ. 9500ಕ್ಕೆ ಮಿತಿ ಇಟ್ಟರೂ ಡಬ್ಬಿ ತನಗೆ ತೋಚಿದ ಕಡೆ ಕತ್ತರಿಸುತ್ತದೆ.

ಎಲ್ಲೆಂದರಲ್ಲಿ ಮಿಸ್ಸಿಂಗ್, ದೀಪವೂ ಮಿನುಗುತ್ತದೆ

ಎಲ್‌ಇಡಿ ಲೆಕ್ಕವಿಲ್ಲದೆ ಮಿನುಗಿದರೆ ಡಬ್ಬಿ ಇಲ್ಲದ ಪಲ್ಸ್ ಎಣಿಸುತ್ತಿದೆ. ಸಾವಿರಾರು ವೋಲ್ಟ್‌ನ ಕಿಡಿ ಪಕ್ಕದಲ್ಲೇ ಹಾರುವಾಗ ಸುತ್ತಲಿನ ವೈರ್‌ಗಳೆಲ್ಲ ರೇಡಿಯೋ ಆಂಟೆನಾ ಆಗಿಬಿಡುತ್ತವೆ.

ಮೊದಲು ಪ್ಲಗ್ ಕ್ಯಾಪ್ ನೋಡಿ. ರೆಸಿಸ್ಟರ್ ಇರುವ ಕ್ಯಾಪ್ ಆದರೆ ಮೀಟರ್‌ನಲ್ಲಿ ಸುಮಾರು 5 ಕಿಲೋ ಓಮ್ ತೋರಿಸುತ್ತದೆ. ಸೊನ್ನೆ ತೋರಿಸಿದರೆ ರೆಸಿಸ್ಟರ್ ಇಲ್ಲದ ಕ್ಯಾಪ್, ಪ್ಲಗ್ ಕೂಡ ರೆಸಿಸ್ಟರ್ ಇಲ್ಲದ್ದಾದರೆ ಗದ್ದಲ ವಿಪರೀತ. ಕ್ಯಾಪ್ ಬದಲಿಸಿ. ಆಮೇಲೆ ಪಲ್ಸರ್ ವೈರ್ ಹಾದಿ. ಟ್ಯಾಂಕ್ ಕೆಳಗೆ ಅದನ್ನು ಎಚ್‌ಟಿ ವೈರ್ (ಪ್ಲಗ್‌ಗೆ ಹೋಗುವ ಹೈ ವೋಲ್ಟೇಜ್ ವೈರ್) ಜೊತೆಗೇ ಕಟ್ಟಿರುತ್ತೇವೆ, ನೋಡೋಕೆ ನೀಟಾಗಿ ಕಾಣಲಿ ಅಂತ. ಬೇರೆ ಮಾಡಿ. ಸಿಗ್ನಲ್ ವೈರ್ ಮತ್ತು ಅದರ ಅರ್ಥ್ ವೈರ್ ಎರಡನ್ನೂ ಜಡೆ ಹಾಗೆ ಹೆಣೆದು ತನ್ನಿ. ಶೀಲ್ಡ್ ಕೇಬಲ್ ಹಾಕಿದರೆ ಶೀಲ್ಡ್ ಅನ್ನು ಒಂದು ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಡಬ್ಬಿಯ ಅರ್ಥ್ ಬ್ಯಾಟರಿಯ ಮೈನಸ್‌ಗೆ ನೇರ ಹೋಗಲಿ, ಪೇಂಟ್ ಇರುವ ಯಾವುದೋ ಬೋಲ್ಟ್‌ಗಲ್ಲ.

ಪ್ರೋಗ್ರಾಮ್‌ನಲ್ಲೂ ಸ್ವಲ್ಪ ಸೋಸಬಹುದು. 4 ಮಿಲಿಸೆಕೆಂಡ್‌ಗಿಂತ ಬೇಗ ಬಂದ ಪಲ್ಸ್ ಅಂದರೆ 15,000 ಆರ್‌ಪಿಎಂ ಮೀರಿದ್ದು, ಅಂಥದ್ದನ್ನು ಬಿಟ್ಟುಬಿಡಿ. ಆದರೆ ಇದನ್ನೇ ನಂಬಿ ಎರಡು ಅಂಚಿನ ಎಣಿಕೆಯನ್ನು ಹಾಗೇ ಬಿಡಬೇಡಿ. ಮೇಲೆ ನೋಡಿದ 5.6 ಮಿಲಿಸೆಕೆಂಡ್ ಈ ಜರಡಿಯಿಂದ ಸಲೀಸಾಗಿ ನುಸುಳುತ್ತದೆ.

ಗದ್ದಲ ತಡೆಯೋಕೆ ಅಂತ ಕೈಗೆ ಸಿಕ್ಕ ಕೆಪಾಸಿಟರ್ ಹಾಕುವವರು ಒಂದು ವಿಷಯ ಗಮನಿಸಬೇಕು. 10 ಕಿಲೋ ಓಮ್ ಜೊತೆ 0.1 ಮೈಕ್ರೋಫ್ಯಾರಡ್ ಸೇರಿದರೆ ಸುಮಾರು 1 ಮಿಲಿಸೆಕೆಂಡ್ ತಡ. 9000 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡ್‌ನಲ್ಲಿ ಕ್ರ್ಯಾಂಕ್ 54 ಡಿಗ್ರಿ ತಿರುಗಿರುತ್ತದೆ! ಡಬ್ಬಿ ಬರೀ ಕದ್ದು ಕೇಳಿಸಿಕೊಂಡು ಎಣಿಸುತ್ತಿದ್ದರೆ ಈ ತಡದಿಂದ ಟೈಮಿಂಗ್ ಕೆಡಲ್ಲ. ಆದರೆ ಪಲ್ಸರ್ ಸಿಗ್ನಲ್ ನಿಮ್ಮ ಡಬ್ಬಿಯೊಳಗೆ ಹಾದು ಸಿಡಿಐಗೆ ಹೋಗುತ್ತಿದ್ದರೆ ಟೈಮಿಂಗ್ ಹಾಳು. ಎಂಜಿನ್ ಬಿಸಿಯಾಗುತ್ತದೆ, ಮೇಲಕ್ಕೆ ಎಳೆಯಲ್ಲ, ಎಲ್‌ಇಡಿ ಮಾತ್ರ ತಣ್ಣಗಿರುತ್ತದೆ. ಅದರ ಬದಲು 1 ನ್ಯಾನೋಫ್ಯಾರಡ್ ಹಾಕಿದರೆ ತಡ ಅರ್ಧ ಡಿಗ್ರಿ ಆಸುಪಾಸು. ಕೆಪಾಸಿಟರ್‌ಗಿಂತ ಹಿಸ್ಟೆರಿಸಿಸ್ (ಆನ್ ಆಗೋಕೆ ಒಂದು ವೋಲ್ಟೇಜ್, ಆಫ್ ಆಗೋಕೆ ಇನ್ನೊಂದು) ಕೊಟ್ಟ ಎಲ್‌ಎಂ393 ಕಂಪ್ಯಾರೇಟರ್ ಚಿಪ್ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಒಮ್ಮೆ ಕಟ್ ಆದರೆ ವಾಪಸ್ ಬರುವುದೇ ಇಲ್ಲ

ಮಿತಿ ಮುಟ್ಟಿತು, ಕಟ್ ಆಯಿತು, ಎಂಜಿನ್ ಪೂರ್ತಿ ಆಫ್. ಥೈರಿಸ್ಟರ್ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಅದು ಒಮ್ಮೆ ಆನ್ ಆದರೆ, ತನ್ನೊಳಗಿನ ಕರೆಂಟ್ ಸೊನ್ನೆಯ ಹತ್ತಿರ ಇಳಿಯುವ ತನಕ ಬಿಡಲ್ಲ. ಎಸಿ ಸಿಡಿಐನಲ್ಲಿ ಪ್ರತಿ ಸೈಕಲ್‌ಗೂ ಇಳಿಯುತ್ತದೆ, ತಾನಾಗೇ ಬಿಡುತ್ತದೆ. ಡಿಸಿ ಲೈನ್ ಮೇಲೆ ಹಾಕಿದರೆ ಕೀ ಆಫ್ ಮಾಡುವವರೆಗೆ ಹಿಡಿದೇ ಇರುತ್ತದೆ. ಅಲ್ಲಿ ಮಾಸ್‌ಫೆಟ್ ಬೇಕು.

ಎರಡನೆಯದು ಮತ್ತೆ ಎಣಿಕೆ. ಹೊಸ ಪಲ್ಸ್ ಬಂದಾಗ ಮಾತ್ರ ಆರ್‌ಪಿಎಂ ಲೆಕ್ಕ ಹಾಕುವ ಪ್ರೋಗ್ರಾಮ್‌ಗೆ, ಪಲ್ಸ್ ನಿಂತರೆ ಹಳೆಯ 9500 ನೆನಪಲ್ಲೇ ಉಳಿಯುತ್ತದೆ. ಕಟ್ ಶಾಶ್ವತ. 50 ಮಿಲಿಸೆಕೆಂಡ್ ಪಲ್ಸ್ ಬರದಿದ್ದರೆ ಕಟ್ ಬಿಡು ಅಂತ ಒಂದು ಸಾಲು ಬರೆಯಿರಿ.

ಎಚ್‌ಟಿ ವೈರಿಗೆ ತಂತಿ ಸುತ್ತಿಯೋ, ಇಗ್ನಿಷನ್ ಕಾಯಿಲ್‌ನ ಪ್ರೈಮರಿಯಿಂದಲೋ ಸಿಗ್ನಲ್ ತೆಗೆದುಕೊಳ್ಳುವವರಿಗೆ ಇದರದ್ದೇ ಇನ್ನೊಂದು ರೂಪ ಕಾಡುತ್ತದೆ. ಕಿಡಿ ಕತ್ತರಿಸಿದ ಕ್ಷಣ ಎಣಿಸೋಕೆ ಏನೂ ಉಳಿದಿರಲ್ಲ. ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡ ಹಾಗೆ. ಒಂದು ಕಿಡಿ ಬಿಟ್ಟರೆ ಮುಂದಿನ ಅಂತರ ಎರಡರಷ್ಟು ಕಾಣುತ್ತದೆ, ಅರ್ಧ ಆರ್‌ಪಿಎಂ ಅಂದುಕೊಂಡು ಕಟ್ ಬಿಡುತ್ತದೆ, ಮತ್ತೆ ಕತ್ತರಿಸುತ್ತದೆ. ಅರ್ಧ ಕಿಡಿಗಳು ಉಳಿದುಕೊಳ್ಳುತ್ತವೆ, ಎಂಜಿನ್ ಮಿತಿ ದಾಟಿ ತೆವಳುತ್ತಾ ಹೋಗುತ್ತದೆ. ಪ್ರೋಗ್ರಾಮ್‌ನಲ್ಲಿ ತೇಪೆ ಹಾಕುವುದಕ್ಕಿಂತ ಸಿಗ್ನಲ್ ಅನ್ನು ಪಲ್ಸರ್ ಕಾಯಿಲ್‌ಗೆ ಬದಲಿಸುವುದೇ ವಾಸಿ.

ಮಿತಿ ದಾಟಿದ ಮೇಲೆ ಕಟ್ ಆಗುತ್ತದೆ

ನ್ಯೂಟ್ರಲ್‌ನಲ್ಲಿ ಫುಲ್ ತಿರುಗಿಸಿದರೆ ಎಂಜಿನ್ ಎಷ್ಟು ಬೇಗ ಏರುತ್ತದೆ ಅಂತ ಲೆಕ್ಕ ಹಾಕಿ. 2000ದಿಂದ 9000ಕ್ಕೆ ಅರ್ಧ ಸೆಕೆಂಡ್ ಅಂದುಕೊಂಡರೆ, 9000ದ ಹತ್ತಿರ ಒಂದೊಂದು ಸುತ್ತಿಗೂ ಸುಮಾರು 90 ಆರ್‌ಪಿಎಂ ಏರುತ್ತಿರುತ್ತದೆ. ನಿಮ್ಮ ಪ್ರೋಗ್ರಾಮ್ 8 ಸುತ್ತಿನ ಸರಾಸರಿ ತೆಗೆಯುತ್ತಿದ್ದರೆ ಅದು ನೋಡುತ್ತಿರುವುದು ನಾಲ್ಕೈದು ಸುತ್ತು ಹಳೆಯ ಸುದ್ದಿ. ನಾನೂರು ಆರ್‌ಪಿಎಂ ಅಷ್ಟರಲ್ಲೇ ಹೋಯಿತು. ಒಂದೋ ಎರಡೋ ಸುತ್ತು ಸಾಕು, ಗದ್ದಲವನ್ನು ವೈರಿಂಗ್‌ನಲ್ಲೇ ಕಡಿಮೆ ಮಾಡಿ.

ರಿಲೇ ಹಾಕಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಸಾಮಾನ್ಯ ರಿಲೇ ಕೂರೋಕೆ 5ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 10,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೇ 6. ಟಕಟಕ ಅಂತ ಸದ್ದು ಮಾಡುತ್ತದೆ, ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ, ಅಷ್ಟೇ.

ಗೇರ್ ಇಳಿಸುವಾಗ ಮಾತ್ರ ಟ್ಯಾಕೋ ಕೆಂಪು ಗೆರೆ ದಾಟುತ್ತಿದೆ, ಎಲ್‌ಇಡಿ ಉರಿಯುತ್ತಿದ್ದರೂ ಇಳಿಯುತ್ತಿಲ್ಲ ಅಂದರೆ ಡಬ್ಬಿಯಲ್ಲಿ ದೋಷವಿಲ್ಲ. ಆಗ ಎಂಜಿನ್ ತಿರುಗಿಸುತ್ತಿರುವುದು ಹಿಂದಿನ ಚಕ್ರ. ಕಿಡಿ ನಿಲ್ಲಿಸಿದರೆ ಚಕ್ರ ನಿಲ್ಲುತ್ತದಾ?

ಕಟ್ ಸರಿ ಇದೆ, ಆದರೆ ಸೈಲೆನ್ಸರ್ ಗುಂಡು ಹಾರಿಸುತ್ತದೆ

ಕಿಡಿ ನಿಂತರೂ ಪೆಟ್ರೋಲ್ ಒಳಗೆ ಹೋಗುತ್ತಲೇ ಇರುತ್ತದೆ. ಉರಿಯದ ಮಿಶ್ರಣ ಬಿಸಿ ಸೈಲೆನ್ಸರ್‌ನಲ್ಲಿ ಉರಿಯುತ್ತದೆ. ಸ್ವಲ್ಪ ಪಟಪಟ ಸಹಜ. ಢಮಾರ್ ಅಂದರೆ ಕಟ್ ಅವಧಿ ಜಾಸ್ತಿ ಆಗಿದೆ. 9500ಕ್ಕೆ ಕತ್ತರಿಸಿ 8500ಕ್ಕೆ ವಾಪಸ್ ಕೊಡುವ ಬದಲು 9300ಕ್ಕೆ ಕೊಡಿ. ಇನ್ನೂ ಮೆತ್ತಗೆ ಬೇಕಿದ್ದರೆ 9300 ದಾಟಿದಾಗ ಮೂರರಲ್ಲಿ ಒಂದು ಕಿಡಿ ಕತ್ತರಿಸಿ, 9500 ದಾಟಿದರೆ ಪೂರ್ತಿ. ಮೂರು ಅಂದದ್ದಕ್ಕೆ ಕಾರಣವಿದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡರಲ್ಲಿ ಒಂದು ಕತ್ತರಿಸಿದರೆ, ಪ್ರತಿ ಸಲವೂ ದಂಡದ ಕಿಡಿಯನ್ನೇ ಕತ್ತರಿಸಿ ಏನೂ ಆಗದೇ ಇರಬಹುದು, ಇಲ್ಲವೇ ಕೆಲಸದ ಕಿಡಿಯನ್ನೇ ಕತ್ತರಿಸಿ ಪೂರ್ತಿ ಕಟ್ ಆಗಬಹುದು. ಸೈಲೆನ್ಸರ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಲಿಮಿಟರ್ ಮೇಲೆ ಎಂಜಿನ್ ಕುಣಿಸಲೇಬೇಡಿ, ಅದು ಕೆಂಪಗೆ ಕಾದು ಒಳಗೇ ಕರಗುತ್ತದೆ.

ಸಿಡಿಐ ಅಲ್ಲದೆ ಟಿಸಿಐ ಇಗ್ನಿಷನ್ ಇರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ನಿಂತಾಗಲೇ ಕಿಡಿ ಹುಟ್ಟುವುದು. ನಿಮ್ಮ ಡಬ್ಬಿ ಕಾಯಿಲ್‌ನ 12 ವೋಲ್ಟ್ ಅನ್ನು ಅರ್ಧದಲ್ಲಿ ಕತ್ತರಿಸಿದರೆ ಕಿಡಿ ತಪ್ಪುವುದಿಲ್ಲ, ತಪ್ಪಾದ ಹೊತ್ತಲ್ಲಿ ಹಾರುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಹಾರಿದರೆ ಎಂಜಿನ್ ಒಳಗೆ ಸುತ್ತಿಗೆ ಏಟು. ಮಿತಿಯ ಹತ್ತಿರ ಲೋಹ ಬಡಿದಂಥ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಕತ್ತರಿಸಬೇಕಾದದ್ದು ಕರೆಂಟ್ ಹರಿಯೋಕೆ ಶುರುವಾಗುವ ಮುಂಚೆ.

ಮಿತಿ ಏರಿಸುವಾಗ

3000ದಲ್ಲಿ ಎಲ್ಲ ಸರಿ ಬಂದ ಮೇಲೆ 5000ಕ್ಕೆ ಏರಿಸಿ ಓಡಿಸಿ ನೋಡಿ. ಟ್ಯಾಂಕ್ ಕೂರಿಸಿ, ಸೀಟ್ ಹಾಕಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಜಂಪರ್ ವೈರ್, ಬ್ರೆಡ್‌ಬೋರ್ಡ್ ಏನಾದರೂ ಉಳಿದಿದ್ದರೆ ಈ ಹಂತದಲ್ಲೇ ಕಿತ್ತುಬರುತ್ತದೆ. ಎಲ್ಲ ಜೋಡಣೆಗೂ ಸೋಲ್ಡರ್ ಮತ್ತು ಹೀಟ್ ಶ್ರಿಂಕ್ ಬೇಕು, 12 ವೋಲ್ಟ್ ಲೈನ್‌ಗೆ 1 ಆಂಪ್ ಫ್ಯೂಸ್ ಬೇಕು. ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಕಾದಿರುವಾಗಲೇ ಡಬ್ಬಿ ಮುಟ್ಟಿ ನೋಡಿ. ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ಜಾಗ ಬದಲಿಸಿ, ಸೀಟ್ ಕೆಳಗೆ ಸಾಮಾನ್ಯವಾಗಿ ತಂಪಿರುತ್ತದೆ. ಆಮೇಲೆ 7000. ಕಂಪನಿ ಕೊಟ್ಟ ಕೆಂಪು ಗೆರೆಗಿಂತ ಮುನ್ನೂರು ನಾನೂರು ಕೆಳಗೆ ನಿಲ್ಲಿಸಿ. ಎಲ್‌ಇಡಿ ಮಾತ್ರ ಬಿಚ್ಚಬೇಡಿ, ಅದು ಹ್ಯಾಂಡಲ್ ಮೇಲೆ ಹಾಗೇ ಇರಲಿ.